ಕೋಳಿಯ ಹೊಟ್ಟೆಯ ತೂತು

ಸೂಜಿ ಗಾತ್ರದ ತೂತು ಮುಚ್ಚಲು ಎಷ್ಟು ಹೊತ್ತು ಬೇಕು? ಇಪ್ಪತ್ತೆರಡು ಮಕ್ಕಳು ನಲ್ಲಿಯ ಮುಂದೆ ನೂಕಾಡಿ ಕೈ ತೊಳೆಯುವಷ್ಟು ಹೊತ್ತು ಧಾರಾಳ ಸಾಕಾಯಿತು. ಮೆಣಸು ಬೆರಳ ತುದಿಗೆ ನೀರುಮಣ್ಣು ತೆಗೆದುಕೊಂಡಳು, ಹಲಗೆಯ ಮೇಲಿದ್ದ ಮಣ್ಣಿನ ಕೋಳಿಯನ್ನು ಬೋರಲು ಹಾಕಿದಳು, ಅದರ ಹೊಟ್ಟೆಯಡಿಯ ತೂತಿನ ಮೇಲೆ ಒಮ್ಮೆ ಸವರಿದಳು. ಮತ್ತೆ ಅದನ್ನು ನೆಟ್ಟಗೆ ನಿಲ್ಲಿಸಿ, ಎಲ್ಲರ ಹಿಂದೆ ಹೋಗಿ, ಏನೂ ಅರಿಯದವಳ ಹಾಗೆ ಕೈ ತೊಳೆದುಕೊಂಡಳು.

ಮೆಣಸು ಅನ್ನುವುದು ಅವಳ ಹೆಸರಲ್ಲ, ಗುಣ. ಒಂಬತ್ತು ವರ್ಷದ ಹುಡುಗಿ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಕೋಳಿ ಮಾಡಿದವಳು ಅವಳ ಚಿಕ್ಕಪ್ಪನ ಮಗಳು. ಮಾತು ನಯ, ನಡೆ ನಯ ಅಂತ ಅವಳಿಗೆ ಬೆಣ್ಣೆ ಎಂದು ಹೆಸರು ಬಿದ್ದಿತ್ತು. ಇಬ್ಬರೂ ಒಂದೇ ತಿಂಗಳಲ್ಲಿ ಹುಟ್ಟಿದ್ದು ಯಾರ ತಪ್ಪೋ ಏನೋ, ಅಂದಿನಿಂದ ಇಬ್ಬರನ್ನೂ ತಕ್ಕಡಿಯಲ್ಲಿಟ್ಟು ತೂಗುವುದೇ ದೊಡ್ಡವರಿಗೆ ಕೆಲಸವಾಗಿತ್ತು. ಬೇಸಿಗೆ ಶಿಬಿರಕ್ಕೂ ಜೋಡಿಯಾಗಿಯೇ ಕಳಿಸಿದರು. ಕೋಳಿ ಮಾಡುತ್ತೇನೆ ಅಂತ ಮೊದಲ ದಿನ ಹೇಳಿದವಳು ಮೆಣಸು. ಮರುದಿನ ಮಾಡಿದವಳು ಬೆಣ್ಣೆ, ಅದೂ ಬೆನ್ನ ಮೇಲೆ ಮೂರು ಮರಿ ಕೂರಿಸಿ. ಮೆಣಸು ಹಲ್ಲು ಕಚ್ಚಿಕೊಂಡು ಒಂದು ದಪ್ಪ ಬೆಕ್ಕು ಮಾಡಿದಳು. ನಿನ್ನೆ ಕರೆದುಕೊಂಡು ಹೋಗಲು ಬಂದ ಅಮ್ಮ ಬೆಕ್ಕನ್ನು ನೋಡಿದ್ದು ಅರೆಕ್ಷಣ. "ಅವಳ ಕೋಳಿ ನೋಡೇ, ಎಷ್ಟು ನೀಟಾಗಿದೆ. ನೋಡಿ ಕಲಿ" ಅಂದಳು. ಆ ಮಾತು ರಾತ್ರಿಯಿಡೀ ಮೆಣಸಿನ ಹೊಟ್ಟೆಯಲ್ಲಿ ಉರಿಯಿತು.

ಮಡಿಕೆ ಸುಡುವ ಆವಿಗೆ ಷೆಡ್ಡಿನ ಮೂಲೆಯಲ್ಲಿತ್ತು. ಕರೆಂಟಿನದ್ದು, ದೊಡ್ಡ ಡ್ರಮ್ಮಿನಷ್ಟು, ಪಕ್ಕದಲ್ಲಿ ಕಣ್ಣಿನಂಥ ಒಂದು ಕಿಂಡಿ. ಶಿಬಿರ ನಡೆಸುವ ಹೆಂಗಸನ್ನು ಮಕ್ಕಳು ಮಣ್ಣಕ್ಕ ಅನ್ನುತ್ತಿದ್ದರು. ಅವಳು ಒಂದೊಂದೇ ಗೊಂಬೆಯನ್ನು ಮೊಟ್ಟೆಯ ಹಾಗೆ ಎತ್ತಿ ಒಳಗಿಡುತ್ತ ಹೇಳಿದಳು: "ಟೊಳ್ಳಾಗಿರೋದಕ್ಕೆಲ್ಲ ನಿನ್ನೆ ತೂತು ಮಾಡಿಸಿದ್ದು ಯಾಕೆ ಹೇಳಿ? ಒಳಗಿನ ಪಸೆ ಆವಿಯಾಗಿ ಹೊರಗೆ ಬರಬೇಕು. ದಾರಿ ಇಲ್ಲದಿದ್ರೆ ಸಿಡಿಯುತ್ತೆ. ಒಂದು ಸಿಡಿದ್ರೆ ಅದರ ಚೂರು ಬಡಿದು ಅಕ್ಕಪಕ್ಕದ್ದೂ ಹೋಗುತ್ತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ದೊಣ್ಣೆಯೂ ಬೇಡ."

ಮೆಣಸಿಗೆ ಈ ಪಾಠ ಗೊತ್ತಿರಲಿಲ್ಲವೆಂದಲ್ಲ. ಸಿಡಿಯುತ್ತದೆ ಅನ್ನುವುದು ಗೊತ್ತಿದ್ದೇ ಮುಚ್ಚಿದ್ದಳು. ಅಕ್ಕಪಕ್ಕದ್ದೂ ಹೋಗುತ್ತದೆ ಅನ್ನುವುದನ್ನು ಮಾತ್ರ ಈಗಷ್ಟೇ ಕೇಳಿದ್ದು. ನೋಡುತ್ತಿದ್ದಂತೆಯೇ ಕೋಳಿ ಆವಿಗೆಯ ನಡುವಿನ ಕಲ್ಲುಹಲಗೆಯ ನಟ್ಟನಡುವೆ ಹೋಗಿ ಕೂತಿತು. ಅದರ ಮಗ್ಗುಲಲ್ಲಿ ಚೋಟಿಯ ಆಮೆ. ಚೋಟಿ ಶಿಬಿರದಲ್ಲೇ ಚಿಕ್ಕವಳು, ಐದು ವರ್ಷ. ಆಮೆಗೆ ಮೂರೇ ಕಾಲು. ಯಾರಾದರೂ ಎಣಿಸಿದರೆ "ಒಂದನ್ನ ಒಳಗೆ ಎಳ್ಕೊಂಡಿದೆ" ಅನ್ನುತ್ತಿದ್ದಳು.

ಗುಂಡಿ ಒತ್ತಿದ್ದಾಯಿತು. ಮುಚ್ಚಳಕ್ಕೆ ಒಂದು ಇಟ್ಟಿಗೆ ಚೂರು ಕೊಟ್ಟು ಸ್ವಲ್ಪ ತೆರೆದಿಟ್ಟರು. ಕೆಂಪು ಅಂಕಿಗಳು ನಲವತ್ತು, ಅರವತ್ತು, ತೊಂಬತ್ತು ಅಂತ ಏರಿ ನೂರರ ಹತ್ತಿರ ನಿಂತವು. ಕಿಂಡಿಯ ಮುಂದೆ ಕನ್ನಡಿ ಹಿಡಿದು ನೋಡುವ ಕೆಲಸ ಮಕ್ಕಳದ್ದು. ಕನ್ನಡಿ ಮಂಜಾದರೆ ಒಳಗೆ ಇನ್ನೂ ಪಸೆ ಇದೆ ಎಂದರ್ಥ. ಮಂಜಾಗದಿದ್ದರೆ ಮುಚ್ಚಳ ಹಾಕಿ ಉರಿ ಏರಿಸುತ್ತಾರೆ, ಆಮೇಲೆ ನಾಳೆ ಸಂಜೆಯ ಪ್ರದರ್ಶನದವರೆಗೆ ತೆರೆಯುವ ಹಾಗಿಲ್ಲ.

ಮೊದಲು ಬೆಣ್ಣೆಯ ಸರದಿ. "ಇದೆ ಅಕ್ಕ" ಅಂದಳು. ಹತ್ತು ನಿಮಿಷ ಬಿಟ್ಟು ಮತ್ತೆ, "ಇನ್ನೂ ಇದೆ." ಮತ್ತೂ ಒಮ್ಮೆ ಅದೇ ಮಾತು. ಹನ್ನೊಂದು ಗಂಟೆಗೆ ಕನ್ನಡಿ ಮೆಣಸಿನ ಕೈಗೆ ಬಂತು.

ಅವಳು ಕಿಂಡಿಯ ಮುಂದೆ ಹಿಡಿದಳು. ಕನ್ನಡಿಯಲ್ಲಿ ಮಂಜಿನ ಸುಳಿವಿಲ್ಲ. ಅವಳದೇ ಮುಖ, ಗಲ್ಲದ ಮೇಲಿನ ಮಣ್ಣಿನ ಕಲೆ ಸಮೇತ, ಸ್ಪಷ್ಟವಾಗಿ ಕಂಡಿತು.

"ಏನಾಯ್ತು?" ಮಣ್ಣಕ್ಕ ಕೇಳಿದಳು.

"ಇದೆ."

ಹತ್ತು ನಿಮಿಷ ಸಿಕ್ಕಿತು. ಹೇಳಿಬಿಡಬೇಕು. ಹೇಳಿದರೆ? ಬಾಯಿ ಬಿಟ್ಟರೆ ಬಣ್ಣಗೇಡು. ಮನೆಯಲ್ಲಿ ಇನ್ನು ಹತ್ತು ವರ್ಷ ಇದೇ ಕಥೆ: ಕೋಳಿ ಮಾಡಿದವಳು ಅವಳು, ಕೋಳಿ ಒಡೆದವಳು ಇವಳು. ಹೇಳದಿದ್ದರೆ? ಚೋಟಿ ಬಂದು ಅವಳ ತೊಡೆಗೊರಗಿ ನಿಂತಳು. "ನನ್ನ ಆಮೆಗೆ ಶೆಕೆ ಆಗ್ತಿದೆಯಾ?" ಅಂತ ಕೇಳಿದಳು. ಮೆಣಸು ಕನ್ನಡಿಯನ್ನು ಮತ್ತೆ ಕಿಂಡಿಗೆ ಹಿಡಿದಳು.

"ಈಗ?"

"ಇದೆ ಅಕ್ಕ."

"ಇದೇನು, ಮಣ್ಣು ಹಾಕಿದ್ದೀವೋ, ನೀರು ಕುದಿಸೋಕೆ ಇಟ್ಟಿದ್ದೀವೋ? ಹನ್ನೆರಡರೊಳಗೆ ಮುಚ್ಚದಿದ್ರೆ ನಾಳೆ ನಿಮ್ಮಪ್ಪಅಮ್ಮಂದಿರಿಗೆ ಮುಚ್ಚಳ ತೋರಿಸಬೇಕಾಗುತ್ತೆ." ಮಣ್ಣಕ್ಕ ಎದ್ದು ಬಂದು ಕನ್ನಡಿ ಇಸಿದುಕೊಂಡು ಹಿಡಿದಳು. ಕನ್ನಡಿ ನೋಡಿದಳು, ಮೆಣಸಿನ ಮುಖ ನೋಡಿದಳು. ದಪ್ಪ ಕೈಗವಸು ಹಾಕಿಕೊಂಡು ಇಟ್ಟಿಗೆ ಚೂರಿಗೆ ಕೈ ಚಾಚಿದಳು.

"ಮುಚ್ಚಬೇಡಿ." ಮೆಣಸಿನ ದನಿ ಅವಳಿಗೇ ಗುರುತಾಗದಷ್ಟು ಸಣ್ಣದಾಗಿತ್ತು. "ಕೋಳಿ ತೂತು ನಾನು ಮುಚ್ಚಿದೀನಿ. ಬೇಕು ಅಂತಲೇ."

ಮೆಣಸು ಬೆಣ್ಣೆಯ ಕಡೆ ನೋಡಲಿಲ್ಲ. ನೋಡಲು ಧೈರ್ಯ ಬೇಕಲ್ಲ.

ಮಣ್ಣಕ್ಕ ಬೈಯುತ್ತಾಳೆ ಅಂದುಕೊಂಡಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಗುಂಡಿ ಆರಿಸಿದಳು, ಬೆರಳು ಬೆರಳಷ್ಟೇ ಮುಚ್ಚಳ ಎತ್ತುತ್ತ ಬಿಸಿ ಇಳಿಯಲು ಬಿಟ್ಟಳು. ಕಡೆಗೆ ಕೋಳಿಯನ್ನು ಹೊರತೆಗೆದು ಬಟ್ಟೆಯ ಮೇಲಿಟ್ಟು, ಕಡ್ಡಿಯಷ್ಟು ಸಪೂರದ ಒಂದು ಬೈರಿಗೆಯನ್ನು ಮೆಣಸಿನ ಕೈಗೆ ಕೊಟ್ಟಳು. "ಮುಚ್ಚಿದವಳೇ ತೆಗೀಬೇಕು. ಒಣಗಿದ ಮಣ್ಣು, ಹಪ್ಪಳ ಇದ್ದಂಗೆ. ಒತ್ತಿದ್ರೆ ಮುಗೀತು. ಬೆರಳಲ್ಲಿ ಸುಮ್ನೆ ತಿರುಗಿಸು." ಆಮೇಲೆ ಬೆಣ್ಣೆಗೆ, "ನೀನು ಹಿಡ್ಕೋ" ಅಂದಳು.

ಬೆಣ್ಣೆ ಬೆಚ್ಚಗಿನ ಕೋಳಿಯನ್ನು ಬಟ್ಟೆ ಸಮೇತ ಬೋರಲು ಹಿಡಿದಳು. ಮೂರೂ ಮರಿಗಳು ಅವಳ ಅಂಗೈಯಲ್ಲಿ ತಲೆಕೆಳಗಾಗಿ ಮಲಗಿದವು. ಮೆಣಸು ಬೈರಿಗೆಯ ತುದಿಯಿಟ್ಟು ತಿರುಗಿಸಿದಳು. ಹಿಟ್ಟಿನಂಥ ಪುಡಿ ಉದುರಿತು. ಎಲ್ಲೋ ಚಿಟ್ ಅಂದಂತಾಯಿತು, ಕೈ ನಿಲ್ಲಿಸಿ ಬಗ್ಗಿ ನೋಡಿದಳು. ಬಿರುಕಲ್ಲ, ಬರೀ ಅಂಚಿನ ಒಂದು ಚಕ್ಕೆ. ಮತ್ತೆ ತಿರುಗಿಸಿದಳು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಸೇರಿದರೂ ಒರೆಸಿಕೊಳ್ಳಲಿಲ್ಲ. ಕಡೆಗೆ ಬೈರಿಗೆ ತಟಕ್ಕನೆ ಒಳಗಿಳಿಯಿತು.

"ಬಂತು" ಅಂದಳು ಮಣ್ಣಕ್ಕ. "ಈಗ ಅವಳ ಹತ್ರ ಏನು ಹೇಳಬೇಕೋ ಹೇಳು."

"ನಿನ್ನದು ನನ್ನದಕ್ಕಿಂತ ಚೆನ್ನಾಗಿತ್ತು, ಅದಕ್ಕೆ. ತಪ್ಪಾಯ್ತು ಕಣೆ."

ಕೋಳಿ ಬೆಣ್ಣೆಯ ಕೈಯಲ್ಲಿ ಇನ್ನೂ ಬೋರಲಾಗಿಯೇ ಇತ್ತು. ಮಣ್ಣಕ್ಕ ಅದನ್ನು ಇಸಿದುಕೊಂಡು ಒಳಗಿಟ್ಟು ಮುಚ್ಚಳಕ್ಕೆ ಕೈ ಹಾಕಿದಾಗ ಆ ನಯದ ಹುಡುಗಿ ಹೋ ಅಂತ ಅತ್ತುಬಿಟ್ಟಳು.

"ಮುಚ್ಚಬೇಡಿ ಅಕ್ಕ. ಬೆಕ್ಕನ್ನೂ ನೋಡಿ."

ಮೆಣಸು ಅವಳ ಕಡೆ ತಿರುಗಿದಳು. ಬೆಣ್ಣೆ ಮೂಗು ಒರೆಸಿಕೊಂಡು ಹೇಳಿದಳು: "ನಮ್ಮಮ್ಮ ದಿನಾ ನಿನ್ನ ಬೆಕ್ಕಿನದೇ ಹೇಳ್ತಾಳೆ. ಅದಕ್ಕೆ ಜೀವ ಇದೆಯಂತೆ, ನನ್ನದು ಬರೀ ನೀಟಂತೆ."

ಕನ್ನಡಿ ಹಿಡಿದು ಬೆಣ್ಣೆ ಮೂರು ಸಲ "ಇದೆ" ಅಂದಿದ್ದು ಯಾಕೆಂದು ಮೆಣಸಿಗೆ ಈಗ ಹೊಳೆಯಿತು.

ಮಣ್ಣಕ್ಕ ಗೋಡೆಯ ಗಡಿಯಾರ ನೋಡಿದಳು, ಹಣೆ ಒತ್ತಿಕೊಂಡಳು. ಬೆಕ್ಕನ್ನು ತೆಗೆದು ಬಟ್ಟೆಯ ಮೇಲಿಟ್ಟಳು. ಬೈರಿಗೆ ಬೆಣ್ಣೆಯ ಕೈಗೆ ಹೋಯಿತು. ಮೆಣಸು ತನ್ನ ಬೆಕ್ಕನ್ನು ಬೋರಲು ಹಿಡಿದು ಕೂತಳು. ಬೆಣ್ಣೆ ಬೈರಿಗೆಯ ತುದಿಯನ್ನು ಅದರ ಹೊಟ್ಟೆಗಿಟ್ಟಳು.

"ಒತ್ತಬೇಡ" ಅಂದಳು ಮೆಣಸು. "ಸುಮ್ನೆ ತಿರುಗಿಸು. ನಾನು ಹಿಡ್ಕೊಂಡಿದೀನಿ."