ರುಚಿ ನೋಡದೆ ಮಾಡಿದ ಸ್ಟ್ಯೂ

ನನ್ನ ಮಾವ ಇನ್ನಾಸಪ್ಪನವರು ನಾನು ಮಾಡಿದ ಅಡುಗೆಯಲ್ಲಿ ಒಂದು ತುತ್ತನ್ನೂ ಮುಟ್ಟದೆ ಹತ್ತು ತಿಂಗಳು ಬದುಕಿದ್ದರು. ಸುಮ್ಮನೆ ಬದುಕಿರಲಿಲ್ಲ, ನನ್ನ ಕಣ್ಣೆದುರಿಗೇ ಹೊಟ್ಟೆ ತುಂಬ ಉಂಡುಕೊಂಡು ಬದುಕಿದ್ದರು. ಹಿನಕಲ್ಲಿನ ಆ ಬಾಡಿಗೆ ಮನೆಯಲ್ಲಿ ಅಡುಗೆಮನೆಯ ಗ್ಯಾಸ್ ಒಲೆ ನನ್ನದು, ವರಾಂಡದ ಮೂಲೆಯ ಸೀಮೆಎಣ್ಣೆ ಸ್ಟವ್ ಅವರದು. ನನ್ನ ಗಂಡ ಬೆನ್ನಿ ಯಾರಿಗೂ ಬೇಜಾರಾಗಬಾರದೆಂದು ಎರಡೂ ಕಡೆ ಉಂಡು ದಿನದಿಂದ ದಿನಕ್ಕೆ ದಪ್ಪಗಾಗುತ್ತಿದ್ದ.

ನಾನು ಬೋಗಾದಿಯ ಒಕ್ಕಲು ಮನೆಯವಳು, ಮರಿಸ್ವಾಮಿಯ ಮಗಳು ಚಲುವಿ. ಬೆನ್ನಿ ಕ್ರೈಸ್ತರ ಹುಡುಗ. ತೊಂಬತ್ತೇಳರಲ್ಲಿ ರಿಜಿಸ್ಟರ್ ಮದುವೆಯಾದೆವು. ನಮ್ಮಪ್ಪ ಇನ್ನು ಮುಖ ನೋಡುವುದಿಲ್ಲವೆಂದು ಆಣೆ ಹಾಕಿ, ಯುಗಾದಿಯ ಹೊತ್ತಿಗೆ ಆಣೆ ಹಾಕಿದ್ದನ್ನೇ ಮರೆತು ಮಾತಾಡಿಸಿಬಿಟ್ಟರು. ಇನ್ನಾಸಪ್ಪನವರಿಗೆ ಆ ಮರೆವಿನ ಭಾಗ್ಯವಿರಲಿಲ್ಲ. ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಊದಿದ ಮನುಷ್ಯ, ಕೇಳಿದ ರಾಗವನ್ನೂ ಮರೆಯರು, ಕೇಳಿದ ಮಾತನ್ನೂ ಮರೆಯರು.

"ಊದೋವಾಗ ಮೆರವಣಿಗೆ ಮುಂದೆ, ಊಟಕ್ಕೆ ಛತ್ರದ ಹಿಂದೆ," ಎಂದು ಒಮ್ಮೆ ಹೇಳಿದ್ದರು. "ದನದ ಮಾಂಸ ತಿನ್ನೋರು ಅಂತ ಲೋಕವೆಲ್ಲ ಮೂಗು ಮುಚ್ಕೊಂಡಿದ್ದು ನೋಡಿದೀನಿ ಕಣೋ ಬೆನ್ನಿ. ಈಗ ಮನೆ ಒಳಗೇ ಒಬ್ಬಳು ಮೂಗು ಮುಚ್ಕೊಂಡು ಬಡಿಸೋದು ಬೇಡ. ನನ್ನ ಪಾಡು ನಂಗಿರ್ಲಿ."

ನಾನು ಎಂದು ಮೂಗು ಮುಚ್ಚಿದ್ದೆ? ನಮ್ಮ ಮನೆಯಲ್ಲಿ ಕುರಿ, ಕೋಳಿ ಉಂಟು, ದನ ಇಲ್ಲ. ನಾನು ತಿನ್ನುವುದಿಲ್ಲ, ಅಷ್ಟೇ. ತಿನ್ನದಿರುವುದಕ್ಕೂ ಅಸಹ್ಯಪಡುವುದಕ್ಕೂ ಅಜಗಜಾಂತರವಿದೆ ಎಂದು ಆ ಮುದುಕರಿಗೆ ಯಾರು ತಿಳಿಸಿ ಹೇಳಬೇಕು? ನಿಜ ಹೇಳುತ್ತೇನೆ, ನನಗೆ ಒಡವೆ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ. ಅವರು ಒಂದು ಸಲ ನನ್ನ ಕೈಯಿಂದ ಬಡಿಸಿಕೊಂಡು ಉಂಡರೆ ನಾನು ಆ ಮನೆಯವಳು, ಇಲ್ಲದಿದ್ದರೆ ಅಲ್ಲಿ ಅಡುಗೆ ಮಾಡಿಕೊಂಡಿರುವ ಯಾವಳೋ ಒಬ್ಬಳು. ಅದನ್ನು ನೆನೆದರೆ ಒಮ್ಮೊಮ್ಮೆ ಪಾತ್ರೆ ಉಜ್ಜುತ್ತಲೇ ಅತ್ತುಬಿಡುತ್ತಿದ್ದೆ.

ಒಂದು ಶನಿವಾರ ಸಂಜೆ ತಾಳ್ಮೆ ಕೆಟ್ಟು ಕೇಳಿಯೇಬಿಟ್ಟೆ. "ಏನ್ ಮಾಡಿದ್ರೆ ಉಣ್ತೀರಾ ಮಾವ? ಅದೊಂದು ಹೇಳ್ಬುಡಿ."

ಅವರು ಯೋಚಿಸಲೇ ಇಲ್ಲ. "ನಿನ್ನ ಒಲೆ ಮೇಲೆ, ನಿನ್ನ ಕೈಯಾರೆ, ಮದಲೇನ ಮಾಡ್ತಿದ್ದ ಸ್ಟ್ಯೂ ಮಾಡು. ಅವತ್ತು ಉಣ್ತೀನಿ."

ಮದಲೇನ ಎಂದರೆ ತೀರಿಕೊಂಡ ನನ್ನ ಅತ್ತೆ. ಸ್ಟ್ಯೂ ಎಂದರೆ ದನದ ಮಾಂಸ, ತರಕಾರಿ ಸಣ್ಣ ಉರಿಯಲ್ಲಿ ಬೇಯಿಸಿದ ಗಟ್ಟಿ ಸಾರು. ನಾನು ಹೆದರಿ ಹಿಂದೆ ಸರಿಯುತ್ತೇನೆಂದು ಅವರ ಲೆಕ್ಕ. ಬೋಗಾದಿಯವರ ಹಟ ಅವರಿಗೆ ಗೊತ್ತಿರಲಿಲ್ಲ. "ನಾಳೆಯೇ ಮಾಡ್ತೀನಿ," ಎಂದೆ.

ಭಾನುವಾರ ಬೆಳಿಗ್ಗೆ ಬೆನ್ನಿ ಮಂಡಿ ಮೊಹಲ್ಲಾಕ್ಕೆ ಹೋಗಿ ಮಾಂಸ ತಂದುಕೊಟ್ಟು, "ಚಲುವಿ, ಇದೆಲ್ಲ ಬೇಕಾ?" ಎಂದ. ನಾನು ನೋಡಿದ ನೋಟಕ್ಕೆ ತಿಂಡಿಯನ್ನೂ ತಿನ್ನದೆ ಭಾನುವಾರದ ಪಾಳಿಗೆಂದು ಕಾರ್ಖಾನೆಗೆ ಹೋದ. ಮಾವ ಪೂಜೆ ಮುಗಿಸಿಕೊಂಡು ಚರ್ಚಿನಿಂದ ಬಂದರು. ಅಡುಗೆಮನೆಯ ಕಡೆಗೆ ಬೆನ್ನು ಮಾಡಿಕೊಂಡು ವರಾಂಡದಲ್ಲಿ ಕುಳಿತರು. ಬೆನ್ನು ಆ ಕಡೆಗಿತ್ತು, ಬಾಯಿ ಮಾತ್ರ ಈ ಕಡೆಗೇ ಇತ್ತು.

"ಕುಕ್ಕರ್ ಮುಟ್ಬೇಡ. ಕುಕ್ಕರಲ್ಲಿ ಆಗೋದು ಸ್ಟ್ಯೂ ಅಲ್ಲ, ಆಕ್ಸಿಡೆಂಟು."

"ಸರಿ ಮಾವ."

"ಈರುಳ್ಳಿ ಕೆಂಪಾದ್ಮೇಲೆ ಮಾಂಸ. ಮಾಂಸ ಕೆಂಪಾದ್ಮೇಲೆ ಒಂದು ಚಮಚ ಮೈದಾ. ಚಕ್ಕೆ, ಲವಂಗ, ಇಡೀ ಮೆಣಸು. ಖಾರದಪುಡಿ ಡಬ್ಬ ಮೇಲಿಟ್ಬುಡು."

"ಇಟ್ಟಾಯ್ತು."

"ಹುಣಸೆಹಣ್ಣಿನ ಹೆಸರೇ ಎತ್ಬೇಡ. ನೀವು ಕಾಫಿಗೂ ಹುಣಸೆ ಕಿವುಚೋ ಜನ."

ಈ ಮಾತಿಗೆ ನನ್ನ ಪಿತ್ತ ನೆತ್ತಿಗೇರಿತು. ಸಿಟ್ಟನ್ನೆಲ್ಲ ಸೌಟಿನ ಮೇಲೆ ತೀರಿಸಿಕೊಂಡೆ. ಮಾಂಸ ಸಣ್ಣ ಉರಿಯಲ್ಲಿ ಕುದಿಯಿತು. ವಾಸನೆಗೆ ಮೂಗು ಮುಚ್ಚಲಿಲ್ಲ. ಸತ್ಯವಾಗಿಯೂ ವಾಸನೆ ಚೆನ್ನಾಗಿಯೇ ಇತ್ತು. ಕ್ಯಾರೆಟ್, ಆಲೂಗೆಡ್ಡೆ, ಮೂಲಂಗಿ ಹೆಚ್ಚಿ ಹಾಕಿದ ಮೇಲೆ ಪಾತ್ರೆ ನೋಡಿದರೆ ಎಲ್ಲಾ ನೀರು ನೀರು. ಒಕ್ಕಲು ಮನೆಯವಳು ಮಾಡಿದ ಅಡುಗೆ ಬಡವಾಗಿ ಕಾಣಬಾರದಲ್ಲ. ನಮ್ಮಮ್ಮ ವಸಂತಮ್ಮ ಹಿತ್ತಲಲ್ಲಿ ಬೆಳೆದು ತಂದುಕೊಟ್ಟಿದ್ದ ಸುವರ್ಣಗೆಡ್ಡೆ ಮೂಲೆಯಲ್ಲಿತ್ತು. ಕೈಗೆ ಎಣ್ಣೆ ಸವರಿಕೊಂಡು ಅದನ್ನೂ ದಪ್ಪ ದಪ್ಪ ಹೋಳು ಮಾಡಿ ಸುರಿದೆ.

ಸುವರ್ಣಗೆಡ್ಡೆಯನ್ನು ಹುಣಸೆ ನೀರಿನಲ್ಲಿ ನೆನೆಸದೆ ಬೇಯಿಸಿದರೆ ಗಂಟಲು ನವೆ ಎನ್ನುವುದು ನಮ್ಮೂರಿನ ಎಳೆಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಆದರೆ ಹುಣಸೆಯ ಹೆಸರೇ ಎತ್ತಬೇಡ ಎಂದು ಅಪ್ಪಣೆಯಾಗಿತ್ತಲ್ಲ. ಇಷ್ಟು ಹೊತ್ತು ಕುದಿಯುವ ಪಾತ್ರೆಯಲ್ಲಿ ಯಾವ ನವೆ ಉಳಿದೀತು ಎಂದುಕೊಂಡೆ.

ಕೊನೆಗೆ ಸೌಟೆತ್ತಿ ತುಟಿಯ ತನಕ ತಂದು ನಿಂತುಬಿಟ್ಟೆ. ಅಯ್ಯೋ ಶಿವನೇ, ತಿನ್ನದವಳು ರುಚಿ ನೋಡುವುದು ಹೇಗೆ? ಬೆಳಗಿನಿಂದ ಆ ಯೋಚನೆಯೇ ಬಂದಿರಲಿಲ್ಲ. ಕೂಗಿ ಕೇಳೋಣವೆಂದರೆ ಮಾವನಿಗೆ ಸೋತ ಹಾಗೆ. ಮೂಸಿ ನೋಡಿದೆ, ಬಣ್ಣ ನೋಡಿದೆ, ಹೆಚ್ಚಾದೀತೆಂದು ಹೆದರಿ ಒಂದೇ ಒಂದು ಚಿಟಿಕೆ ಉಪ್ಪು ಹಾಕಿ, ಮುಚ್ಚಳ ಮುಚ್ಚಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಮುಚ್ಚಳ ಓರೆಯಾಗಿದೆ. ಪಾತ್ರೆಯಲ್ಲಿ ನಾಲ್ಕು ಬೆರಳಷ್ಟು ಇಳಿದಿದೆ. ಒಲೆಯಿಂದ ಬಾಗಿಲ ತನಕ ಕಂದು ಹನಿ ಬಿದ್ದಿದೆ. ವರಾಂಡದಲ್ಲಿ ಮಾವ ಜಪಸರ ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದಾರೆ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

"ಬಡಿಸ್ಲಾ ಮಾವ?"

"ಬೇಡ. ವಾಸನೇಲೇ ಗೊತ್ತಾಯ್ತು, ಸರಿ ಬಂದಿಲ್ಲ."

ಕದ್ದು ತಿಂದು, ಇಲ್ಲವೆನ್ನುವುದೇ? ಬೆಳಗಿನಿಂದ ಬೆಂದದ್ದು ಮಾಂಸವೋ ನಾನೋ? ಬಾಯಿಗೆ ಬಂದದ್ದನ್ನು ಅಂದುಬಿಡೋಣವೆಂದು ಉಸಿರೆಳೆದುಕೊಳ್ಳುವಷ್ಟರಲ್ಲಿ ಅವರು ಕೆಮ್ಮಿದರು. ಕ್ಯಾಕರಿಸಿದರು. ಆಮೇಲೆ ಗಂಟಲೊಳಗೆ ಕ್ಲಾರಿನೆಟ್ಟಿನಲ್ಲೂ ಬಾರದ ಒಂದು ಸ್ವರ ಹೊರಡಿಸಿದರು.

"ಏನಾಯ್ತು?"

"ಧೂಳು. ಈ ರೋಡು ಅಗೆದು ಅಗೆದು..." ಎನ್ನುತ್ತಾ ಹಲ್ಲಿನಿಂದ ನಾಲಗೆ ಕೆರೆದುಕೊಂಡರು.

ಅಷ್ಟರಲ್ಲಿ ಪಕ್ಕದ ಮನೆಯ ಗಿರಿಜಾಂಬಾ ನಮ್ಮ ದಾಸವಾಳ ಕೀಳಲು ಬಂದರು. ಲಿಂಗಪೂಜೆಯಾಗದೆ ನೀರೂ ಕುಡಿಯದ ಹೆಂಗಸು, ಹಣೆ ತುಂಬ ವಿಭೂತಿ. ಗೇಟಿನಲ್ಲೇ ನಿಂತು ಮಾವನನ್ನು ನೋಡಿದರು.

"ಏನ್ರೀ ಇನ್ನಾಸಪ್ಪನೋರೇ, ಸುವರ್ಣಗೆಡ್ಡೆ ತಿಂದ್ರಾ?"

"ನಾನೇನೂ ತಿಂದಿಲ್ಲ."

"ತಿನ್ನದೆ ನವೆ ಹತ್ತೋಕೆ ಗೆಡ್ಡೆಯೇನು ಗಾಳೀಲಿ ಬರ್ತದಾ? ನಮ್ಮ ಯಜಮಾನ್ರು ಹೋದ ಕಾರ್ತೀಕದಲ್ಲಿ ಇಂಗೇ ಕುಣಿದ್ರು. ಚಲುವಿ, ಹುಣಸೆ ಹಾಕ್ದೆ ಬೇಯ್ಸಿದ್ಯೇನಮ್ಮ? ಗೆಡ್ಡೆ ಸಾರಾ?"

"ಹೂಂ, ಅದೇ ತರದ್ದು," ಎಂದೆ.

"ಒಂದು ನಿಂಬೆಗಾತ್ರ ಹುಣಸೆ ಚೀಪಿಸು, ಸರಿಹೋಗ್ತಾರೆ," ಎಂದು ಅವರು ಹೂ ಕಿತ್ತುಕೊಂಡು ಹೋದರು.

ವರಾಂಡದಲ್ಲಿ ನಾವಿಬ್ಬರೇ ಉಳಿದೆವು. ಮಾವ ಜಪಸರ ಜೇಬಿಗಿಟ್ಟರು. ಜಟ್ಟಿ ನೆಲಕ್ಕೆ ಬಿದ್ದಾಗಿತ್ತು, ಮೀಸೆಗೂ ಮಣ್ಣಾಗಿತ್ತು.

"ಹುಣಸೆ ಇದ್ಯಾ?" ಎಂದರು.

"ಯಾವ ಹುಣಸೆ ಮಾವ? ಹೆಸರೆತ್ತಬೇಡ ಅಂದಿದ್ರಲ್ಲ?"

"ಚಲುವಿ, ಸಾಯ್ತಿದೀನಿ ಕಣಮ್ಮ."

ತಂದುಕೊಟ್ಟೆ. ಅವರು ಕಣ್ಣು ಮುಚ್ಚಿಕೊಂಡು ಚೀಪಿದರು. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಹತ್ತು ತಿಂಗಳು ಕಾದು ಸಿಕ್ಕಿದ್ದ ಒಂದೇ ಒಂದು ಅವಕಾಶವನ್ನು ಗೆಡ್ಡೆಯ ನವೆಯಲ್ಲಿ ಕಳೆದುಕೊಂಡಿದ್ದೆ. ಇನ್ನು ಈ ಜನ್ಮದಲ್ಲಿ ಇವರು ನನ್ನ ಕೈಯಲ್ಲಿ ಉಣ್ಣುವುದಿಲ್ಲವೆಂದು ಸೆರಗು ಬಾಯಿಗೊತ್ತಿಕೊಂಡೆ.

ಮಾವ ಹುಣಸೆ ಬೀಜವನ್ನು ಅಂಗೈಗೆ ಉಗಿದುಕೊಂಡು, "ಒಂದು ತುಂಡು ನೋಡಿ ಬರೋಣ ಅಂತ ಒಳಗೆ ಹೋದೆ," ಎಂದರು. "ಆಮೇಲೆ ನಿಲ್ಸೋಕಾಗ್ಲಿಲ್ಲ."

ನಾನು ಸೆರಗು ಇಳಿಸಿ ಅವರ ಮುಖ ನೋಡಿದೆ.

"ಚೆನ್ನಾಗಿದೆ ಅಂತ ಹೇಳ್ಬುಟ್ರೆ ಇಷ್ಟು ದಿನ ನಾನು ಮಾಡಿದ್ದೆಲ್ಲ ತಪ್ಪು ಅಂತಾಗ್ತದಲ್ಲ. ಅದಕ್ಕೇ ಹೇಳ್ಲಿಲ್ಲ." ಗಂಟಲು ಸರಿಮಾಡಿಕೊಂಡು ಎದ್ದರು. "ನಡಿ. ತಟ್ಟೆ ಹಾಕು."

ಉಳಿದ ಸ್ಟ್ಯೂವಿಗೆ ಹುಣಸೆ ರಸ ಹಿಂಡಿ ಒಂದು ಕುದಿ ಕುದಿಸಿದೆ. ಅವರು ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಅದನ್ನು ನೋಡುತ್ತಿದ್ದರೂ ಹುಣಸೆ ಬೇಡವೆನ್ನಲಿಲ್ಲ. ಬಡಿಸಿದೆ. ಅನ್ನದ ಮೇಲೆ ಮಾಂಸ, ಗೆಡ್ಡೆ, ಗಟ್ಟಿ ರಸ. ಅವರು ಶಿಲುಬೆ ಗುರುತು ಹಾಕಿಕೊಂಡು ತುತ್ತು ಕಲಸಿ, ಎತ್ತಿ, ಮತ್ತೆ ತಟ್ಟೆಗೇ ಇಟ್ಟರು.

"ನಿನ್ನ ತಟ್ಟೆ ಎಲ್ಲಿ?"

"ನಾನು ಅದನ್ನ ತಿನ್ನಲ್ಲ ಮಾವ."

"ಗೊತ್ತು. ಮತ್ತೇನು ಉಂಡೆ?"

ಏನೂ ಉಂಡಿರಲಿಲ್ಲ. ಮನೆಯಲ್ಲಿ ಬೇರೆ ಸಾರೂ ಇರಲಿಲ್ಲ. ಸ್ಟ್ಯೂವಿನ ಗಲಾಟೆಯಲ್ಲಿ ನನಗೊಂದು ಹೊಟ್ಟೆಯಿದೆ ಎನ್ನುವುದೇ ಮರೆತುಹೋಗಿತ್ತು. ಇಲ್ಲವೆಂದು ತಲೆಯಾಡಿಸಿದೆ. ಅವರು ಕೈ ತೊಳೆದುಕೊಂಡು ಎದ್ದರು. ಎರಡು ಮೊಟ್ಟೆ ಒಡೆದರು, ಈರುಳ್ಳಿ ಹೆಚ್ಚಿದರು, ನನ್ನ ಬಾಣಲೆಯಲ್ಲಿ ನನ್ನ ಒಲೆಯ ಮೇಲೆ ಮೆಣಸು ಉದುರಿಸಿ ಹುರಿದರು. ನಾನು ಬೇಡವೆಂದರೂ ಕೇಳಲಿಲ್ಲ. "ಮದಲೇನ ಹೋದ್ಮೇಲೆ ಎದುರಿಗೆ ಯಾರೂ ಕೂತು ಉಂಡಿಲ್ಲ," ಎಂದರು ಬಾಣಲೆಯ ಕಡೆ ನೋಡುತ್ತಾ. "ಅಭ್ಯಾಸ ತಪ್ಪೋಗಿದೆ."

ಎದುರುಬದುರು ಕುಳಿತೆವು. ಅವರು ಬಾಯಿಗಿಡುವ ತನಕ ನಾನು ಕಾದೆ, ನಾನು ಬಾಯಿಗಿಡುವ ತನಕ ಅವರು ಕಾದರು. ಕೊನೆಗೆ ಇಬ್ಬರೂ ಒಟ್ಟಿಗೇ ತುತ್ತು ನುಂಗಿದೆವು.

"ಎಂಗಿದೆ?" ಎಂದರು.

"ಉಪ್ಪೇ ಇಲ್ಲ ಮಾವ."

"ನಿಂದ್ರಲ್ಲೂ ಇಲ್ಲ ಕಣ್ ಮಗಳೇ," ಎಂದರು. "ಉಣ್ಣು, ಆರೋಗ್ತದೆ."