ನಲವತ್ತು ಹೆಜ್ಜೆಯ ಬೆಳ್ಳಿ

ಲೋಕದಲ್ಲೆಲ್ಲ ಮಂದಗಾಮಿಯಾದ ಫಕೀರಪ್ಪನವರು ಒಂದು ಮೊಗಸಾಲೆಯಲ್ಲಿ ಮಾತ್ರ ಓಡುತ್ತಿದ್ದರು. ಮನೆಯತ್ತ ಹೋಗುವ ಕೊಂಢವಾ ಬಸ್ಸು ಕಣ್ಣೆದುರೇ ಹೊರಟರೂ ಹೆಜ್ಜೆ ಚುರುಕುಗೊಳಿಸದ ಈ ಪ್ರಯೋಗಶಾಲಾ ಸಹಾಯಕರು, ಪುಣೆಯ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ, ಮೇಣದ ಪೀಪಾಯಿಯೊಳಗೆ ನ್ಯೂಟ್ರಾನ್ ಮೂಲದ ಮಗ್ಗುಲಲ್ಲಿ ಹತ್ತು ನಿಮಿಷ ಇದ್ದ ಬೆಳ್ಳಿಯ ತಗಡನ್ನು ಚಿಮಟದಲ್ಲಿ ಹಿಡಿದು, ಖಾಕಿ ಕೋಟಿನ ಅಂಚು ಹಾರಿಸುತ್ತ, ನಲವತ್ತು ಹೆಜ್ಜೆ ಆಚೆಯ, ವಿಕಿರಣ ಎಣಿಸುವ ಗೈಗರ್ ಕೌಂಟರಿನತ್ತ ಧಾವಿಸುವರು. ನಿಸರ್ಗವು ಬೆಳ್ಳಿಗೆ ಕೊಡದ ವಿಕಿರಣವದು, ಮನುಷ್ಯಕೃತ; ಅದರ ತೀಕ್ಷ್ಣಾಂಶವು ಇಪ್ಪತ್ನಾಲ್ಕು ಸೆಕೆಂಡಿಗೊಮ್ಮೆ ಅರ್ಧವಾಗುತ್ತ ಆರಿಹೋಗುವುದು; ಉಳಿದ ಮಂದಾಂಶಕ್ಕೆ ಅರ್ಧವಾಗಲು ಸುಮಾರು ಎರಡೂವರೆ ನಿಮಿಷ ಬೇಕು.

"ಮಾಮಾ, ದೌಂಡ ಗಾಡಿ ಚುಕ್ಣಾರ ಕಾ?" ಎಂದು, ದೌಂಡಿನ ರೈಲು ತಪ್ಪೀತೇ ಎಂಬಂತೆ ವಿದ್ಯಾರ್ಥಿಗಳು ಮರಾಠಿಯಲ್ಲಿ ಛೇಡಿಸುವರು. ಫಕೀರಪ್ಪನವರು ಓಡುತ್ತಲೇ ಇರುವರು; ಉಸಿರನ್ನು ಮಾತಿಗೆ ವ್ಯಯಿಸಿದರೆ ಕಾಲಿಗೆ ಉಳಿಯದು.

ನಾಲ್ಕು ವರ್ಷಗಳಿಂದ, ತಗಡಿಟ್ಟೊಡನೆ ಕೌಂಟರು ತೋರುವ ಮೊದಲ ಎಣಿಕೆ ಇಳಿಯುತ್ತ ಬಂದಿತ್ತು. ಗೈಗರ್ ನಳಿಗೆ ಬದಲಿಸಿದರೂ ಏರಲಿಲ್ಲ. ಹಳೆಯ ಮೂಲವೇ ಕ್ಷೀಣಿಸಿದೆಯೆಂದು ಬಗೆದ ವಿಭಾಗವು, ಪ್ರಯೋಗವನ್ನು ಮುಚ್ಚಿ ಪೀಪಾಯಿಯನ್ನು ಹಿಂದಿರುಗಿಸಲು ಪತ್ರ ಸಿದ್ಧಪಡಿಸಿತು. ಸಹಿ ಹಾಕಬೇಕಿದ್ದವರು ವಿಭಾಗದ ಮುಖ್ಯಸ್ಥೆ, ವಿಜಯಪುರದ ಮಾಧುರಿ. ಅವರ ಮೇಜಿನ ಮೇಲೆ ಫಕೀರಪ್ಪನವರು ಪ್ರಯೋಗದ ಹಳೆಯ ಪುಸ್ತಕಗಳನ್ನು ಬಿಡಿಸಿದರು.

"ಬಾಯಾರ, ಐದನೇ ನಿಮಿಷದ ಕೌಂಟ್ ನೋಡ್ರಿ. ಹೆಚ್ಚುಕಡಿಮಿ ನಾಲ್ಕು ವರ್ಷದ ಹಿಂದಿನಂಗ ಅದ. ಸೋರ್ಸ್ ಸೊರಗಿದ್ರ ಅದೂ ಬೀಳಬೇಕಿತ್ತಲ್ರಿ."

"ಮತ್ತ ಮೊದಲಿಂದಷ್ಟ ಯಾಕ ಬಿದ್ದದ, ಮಾಮಾ?"

ಅವರು ಪ್ಯಾಂಟನ್ನು ಮೇಲೆಳೆದು, ಪಟ್ಟಿ ಸುತ್ತಿದ ಮೊಣಕಾಲು ತೋರಿದರು. "ಬಿದ್ದದ್ದು ಇದು ರೀ. ನಾ ಮುಟ್ಟೂದರಾಗ ಬೆಳ್ಳಿ ಅರ್ಧ ಆರಿರ್ತದ."

"ಹಂಗಂದ್ರ ನಾಳಿಂದ ತಗಡು ಬ್ಯಾರೇದವರ ಕೈಗೆ ಹೋಗ್ತದ. ಗೊತ್ತದ ಇಲ್ಲೋ?"

"ಗೊತ್ತಿದ್ದಕ್ಕ ನಾಲ್ಕು ವರ್ಷ ಸುಮ್ನಿದ್ದೆ."

ಮರುದಿನ ಮಾಧುರಿಯವರೇ ತಗಡು ಹಿಡಿದು ಓಡಿದರು. ಎಣಿಕೆ ಹಳೆಯ ಎತ್ತರಕ್ಕೆ ಚಿಮ್ಮಿತು. ಪತ್ರವನ್ನು ಹರಿದರು. ಕೌಂಟರಿನ ಬಳಿ ಸ್ಟೂಲಿನಲ್ಲಿ ಕುಳಿತಿದ್ದ ಫಕೀರಪ್ಪನವರು ಆ ಅಂಕಿಯನ್ನು ಬರೆದುಕೊಂಡು, ತಲೆಯೆತ್ತದೆ ನುಡಿದರು: "ಬಾಗಲದಾಗ ಎಡಗಾಲು ಮೊದಲ ಇಡ್ರಿ, ಬಾಯಾರ. ಇನ್ನೂ ಎರಡು ಸೆಕೆಂಡ್ ಉಳೀತದ."

ಉಪಕರಣದ ದೋಷವನ್ನು ಶೋಧಿಸುವ ವಿದ್ವಾಂಸರು ಬಹಳ. ತನ್ನ ದೇಹವೂ ಉಪಕರಣಗಳಲ್ಲೊಂದೆಂದು ಒಪ್ಪುವ ಪರಿಚಾರಕರು ವಿರಳ. ಆರತಿಯನ್ನು ಆರದಂತೆ ಗರ್ಭಗುಡಿಗೆ ಮುಟ್ಟಿಸುವುದಷ್ಟೇ ಇಂಥವರ ವ್ರತ. ಕೈ ಸೋತ ದಿನ, ಬಹಳ ತಡಮಾಡಿಯಾದರೂ, ತಟ್ಟೆಯನ್ನು ಇನ್ನೊಬ್ಬರಿಗಿತ್ತು ಕಂಬಕ್ಕೊರಗುವರು. ದೂರದಲ್ಲಿ ದೇವರ ಮುಖ ಬೆಳಗಿದ್ದನ್ನು ಕಂಡ ಮೇಲೆಯೇ ಅವರ ದಣಿವಿಗೆ ಕುಳಿತುಕೊಳ್ಳಲು ಅಪ್ಪಣೆ ಸಿಗುವುದು.