ಕೆಂಪು ತೊಟ್ಟಿ

“ಅದು ಬಣ್ಣ, ಡಾಕ್ಟ್ರೇ. ನಮ್ಮ ತೊಟ್ಟೀದು,” ಎಂದ ಬಣ್ಣಗಾರ.

ಆಸ್ಪತ್ರೆಯ ಮಂಚದ ಮೇಲೆ ಮಗಳ ಅಂಗಾಲು ಅವನ ಕಡೆಗೇ ಚಾಚಿತ್ತು. ಅದರ ತುಂಬ ಕೆಂಪು ಚುಕ್ಕೆಗಳು, ಅಂಗೈಯಲ್ಲೂ ಅವೇ. ಡಾಕ್ಟರಮ್ಮ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದರು. ಹತ್ತಿ ಬೆಳ್ಳಗೇ ಉಳಿಯಿತು.

“ಹೋಗಲ್ಲ ಬಿಡಿ. ನಾವು ಅದ್ದಿದ ನೂಲು ಹರಿದುಹೋದರೂ ಬಣ್ಣ ಬಿಡಲ್ಲ. ನನ್ನ ಕೈ ನೋಡಿ ಬೇಕಾದರೆ.” ಇಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಹೆಮ್ಮೆ ಇಣುಕಿತು. ಇಪ್ಪತ್ತು ವರ್ಷದ ಕಸುಬು, ಅಷ್ಟು ಸುಲಭಕ್ಕೆ ಬಾಯಿ ಮುಚ್ಚಿಕೊಂಡಿರುತ್ತದೆಯೇ?

ಡಾಕ್ಟರಮ್ಮ ಅವನ ಕೈ ನೋಡಿದರು. ಉಗುರಿನ ಸಂದಿಯಿಂದ ಮಣಿಕಟ್ಟಿನವರೆಗೂ ಕೆಂಪು. ನಂಬದಿರಲು ಕಾರಣವಿರಲಿಲ್ಲ. ರಕ್ತಪರೀಕ್ಷೆಗೆ ಹೇಳಿ, ಜ್ವರದ ಔಷಧಿ ಬರೆದು, ಪಕ್ಕದ ಮಂಚಕ್ಕೆ ಹೋದರು.

ಮಗಳನ್ನು ಎಲ್ಲರೂ ಕರೆಯುತ್ತಿದ್ದುದು ಪಟಪಟಿ ಎಂದೇ. ಬಾಯಿ ಬಿಟ್ಟರೆ ನಿಲ್ಲಿಸುತ್ತಿರಲಿಲ್ಲ. ಜ್ವರ ಬಂದ ಮೇಲೆ ಒಂದು ಬೆಳಿಗ್ಗೆ ಅವಳ ಅಂಗಾಲು ಕೆಂಪಗಿರುವುದನ್ನು ಕಂಡು ಅಪ್ಪನಿಗೆ ಪಿತ್ತ ನೆತ್ತಿಗೇರಿತ್ತು. ಕುದಿಯುವ ತೊಟ್ಟಿಗೆ ಜಾರಿದ ಕೆಲಸದವನೊಬ್ಬನ ಕಾಲನ್ನು ಅವನು ಕಣ್ಣಾರೆ ಕಂಡಿದ್ದ. ತೊಟ್ಟಿಯ ಹತ್ತಿರ ಸುಳಿಯಬೇಡ ಎಂದು ಅವಳಿಗೆ ಹೇಳಿ ಹೇಳಿ ಸಾಕಾಗಿತ್ತು. ಕೆನ್ನೆಗೆ ಬಾರಿಸಿಯೇ ಬಿಟ್ಟ.

“ನಾನು ಕೆಂಪು ತೊಟ್ಟಿಗೆ ಕಾಲಿಟ್ಟಿಲ್ಲಪ್ಪಾ, ನಿಜವಾಗ್ಲೂ!”

“ಸುಳ್ಳು ಬೇರೆ ಹೇಳ್ತೀಯಾ?” ಎಂದು ಇನ್ನೊಂದು ಕೊಟ್ಟಿದ್ದ.

ಈಗ ಪಟಪಟಿ ಮಾತಾಡುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ ಮರುದಿನ ಅವಳ ಮುಖ ಊದಿಕೊಂಡು ಕಣ್ಣುಗಳು ಸಣ್ಣಗಾಗಿದ್ದವು. ಅಮ್ಮ ಕರೆದರೆ ಗುರುತೇ ಸಿಗದವಳ ಹಾಗೆ ನೋಡಿದಳು. ಚುಕ್ಕೆಗಳು ಮೊಣಕಾಲು ದಾಟಿ ಮೇಲೆ ಹತ್ತಿದ್ದವು. ಮಲಗಿದ ಕೂಸಿನ ತೊಡೆಗೆ ಯಾವ ತೊಟ್ಟಿಯ ಬಣ್ಣ ತಾಗುತ್ತದೆ? ಬಣ್ಣಗಾರ ಅದನ್ನು ನೋಡಿದ, ನೋಡಿಯೂ ಸುಮ್ಮನಿದ್ದ.

ಡಾಕ್ಟರಮ್ಮ ಬಂದಾಗ ಬಾಯಿಬಿಟ್ಟವಳು ಅವನ ಹೆಂಡತಿ. “ಮೇಡಂ, ಅವಳು ತೊಟ್ಟಿ ಹತ್ರ ಹೋಗೇ ಇಲ್ಲ ಅಂತ ಅವತ್ತೇ ಹೇಳಿದ್ಳು. ಇವರು ಕೇಳಲಿಲ್ಲ, ಹೊಡೆದ್ರು.”

ಡಾಕ್ಟರಮ್ಮ ತಟ್ಟನೆ ಬಗ್ಗಿ ಮಗುವಿನ ತೊಡೆಯ ಮೇಲಿನ ಒಂದು ಚುಕ್ಕೆಯನ್ನು ಬೆರಳಿನಿಂದ ಒತ್ತಿದರು. ಕೆಂಪು ಮಾಯವಾಯಿತು. ಬೆರಳು ತೆಗೆದರು, ಮತ್ತೆ ಮೂಡಿತು.

“ನಿಮ್ಮ ಕೈ ಕೊಡಿ.”

ಅವನ ಅಂಗೈ ಒತ್ತಿದರು. ಕೆಂಪು ಕೆಂಪಾಗಿಯೇ ಇತ್ತು.

“ಮನೇಲಿ ನಾಯಿ ಇದೆಯಾ?”

“ಮನೆ ಪಕ್ಕದ ನಮ್ಮ ಬಣ್ಣದ ಕಾರ್ಖಾನೇಲಿ ಒಂದಿದೆ, ನೂಲಿನ ಮೂಟೆ ಮೇಲೆ ಬಿದ್ದಿರುತ್ತೆ,” ಎಂದಳು ಹೆಂಡತಿ. “ಎಷ್ಟು ಬೈದರೂ ಇವಳು ಅದನ್ನ ತಬ್ಕೊಂಡೇ ಮಲಗೋದು.”

ಡಾಕ್ಟರಮ್ಮ ಮಗುವಿನ ಜಡೆ ಬಿಚ್ಚಿ ಕೂದಲನ್ನು ಬಗೆದು ಬಗೆದು ನೋಡಿದರು. ಕಿವಿಯ ಹಿಂದೆ ಒಂದು ಕಪ್ಪು ಹಕ್ಕಳೆ ಸಿಕ್ಕಿತು.

“ಉಣುಗು ಕಚ್ಚಿರೋದು. ನಾಯಿ ಮೈಯಿಂದ ಬಂದಿರುತ್ತೆ. ಈ ಜ್ವರ ರಕ್ತನಾಳಗಳನ್ನೇ ಹಾಳು ಮಾಡುತ್ತೆ. ರಿಪೋರ್ಟ್ ಬರೋವರೆಗೆ ಕಾಯೋ ಹಾಗಿಲ್ಲ, ಔಷಧಿ ಈಗಲೇ ಶುರು ಮಾಡ್ತೀನಿ.” ಆಮೇಲೆ ತಗ್ಗಿದ ದನಿಯಲ್ಲಿ, “ನಿನ್ನೆಯೇ ಒತ್ತಿ ನೋಡಬೇಕಿತ್ತು ನಾನು,” ಎಂದರು.

ಬಣ್ಣಗಾರನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ನಿನ್ನೆ ಒತ್ತಿ ನೋಡದಂತೆ ಮಾಡಿದ್ದು ಯಾರು? ಬಣ್ಣ, ಬಣ್ಣ ಎಂದು ಬಡಬಡಿಸಿದ್ದು ಯಾರು?

ಜ್ವರ ಇಳಿಯಿತು. ಮಗಳು ಉಳಿದುಕೊಂಡಳು. ಅಷ್ಟರಲ್ಲಿ ಎಡಗಾಲಿನ ಬೆರಳುಗಳ ತುದಿ ಕಪ್ಪಾಗತೊಡಗಿತ್ತು. ಡಾಕ್ಟರಮ್ಮ ಅವನನ್ನು ವರಾಂಡಕ್ಕೆ ಕರೆದು, ಅಲ್ಲಿಗೆ ರಕ್ತ ಹೋಗುತ್ತಿಲ್ಲ, ಆ ಬೆರಳುಗಳನ್ನು ತೆಗೆಯಬೇಕಾಗುತ್ತದೆ ಎಂದರು. ಅವನು ತಲೆಯಾಡಿಸಿದ. ನಲ್ಲಿಯ ಹತ್ತಿರ ಹೋಗಿ ಕೈಗೆ ಸೋಪು ಹಚ್ಚಿ ಗಸಗಸ ತಿಕ್ಕಿದ. ನೀರು ತಿಳಿಯಾಗಿಯೇ ಹರಿಯಿತು.

ಒಳಗೆ ಬಂದಾಗ ನರ್ಸು ಪಟ್ಟಿ ಬದಲಿಸಲು ಕಾಲಿನ ಬಟ್ಟೆ ಬಿಚ್ಚಿದ್ದಳು. ದಿಂಬಿಗೆ ಒರಗಿ ಕೂತಿದ್ದ ಪಟಪಟಿ ತನ್ನ ಬೆರಳುಗಳನ್ನು ಮೊದಲ ಸಲ ನೋಡುತ್ತಿದ್ದಳು. ಅಪ್ಪನನ್ನು ಕಂಡವಳೇ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡಳು.

“ಅಪ್ಪಾ,” ಎಂದಳು. ಎಷ್ಟೋ ದಿನದ ಮೇಲೆ ಆಡಿದ ಮಾತು, ಗಂಟಲು ಒಡೆದಿತ್ತು. “ನಾನು ಕಪ್ಪು ತೊಟ್ಟಿಗೆ ಕಾಲಿಟ್ಟಿಲ್ಲ.”

ಅವನು ಅವಳ ಕೆನ್ನೆ ಸವರಲೆಂದು ಕೈ ಚಾಚಿದ. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.